ಅಕ್ಕ ಕೂಗಿದ ಗುಡ್ಡ

ವೇದಾವತಿಯ ಮರಳು ದಾಟಿ ಪೂರ್ವಕ್ಕೆ ಹೊರಟರೆ ಕಮರದ ಮರಗಳೂ ಮೊಳಕಾಲುದ್ದದ ಹುಲ್ಲೂ ಇರುವ ವಿಶಾಲವಾದ ಕಾವಲು ಸಿಗುತ್ತದೆ. ಆ ಕಾವಲು ಮುಗಿಯುವಲ್ಲಿ ಒಂದು ಬೋಳು ಗುಡ್ಡ. ಎತ್ತರ ಹೇಳಿಕೊಳ್ಳುವಂಥದ್ದಲ್ಲ, ಮುನ್ನೂರು ಅಡಿ ಇದ್ದೀತು. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ಫೋಟೋ ತೆಗೆಸಿಕೊಳ್ಳಲು ಬರುವವರಿಗೆ ಮೆಟ್ಟಿಲೂ ಇಲ್ಲ. ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ, ಬಂಡೆಯ ನಡುವೆ ಊಟದ ತಟ್ಟೆಯಗಲದ ಒಂದು ಗುಳಿ, ಗುಳಿಯಲ್ಲಿ ಯಾವಾಗ ಹೋದರೂ ಒಂದಿಷ್ಟು ನೀರು. ಅದು ಒಸರಿ ಬಂದ ನೀರಲ್ಲ. ಯಾರೋ ಹೊತ್ತು ತಂದು ಸುರಿದದ್ದು. ಪಕ್ಕದಲ್ಲಿ ಎದೆಮಟ್ಟದ ಒಂದು ನಿಲುಗಲ್ಲು ಪೂರ್ವಕ್ಕೆ ಮುಖಮಾಡಿ ನಿಂತಿದೆ. ಈಚೆಗೆ ಆಚೆಬದಿಯ ಸಾಲುಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಎದ್ದಿವೆ. ಈ ಗುಡ್ಡವನ್ನು ಮಾತ್ರ ಯಾರೂ ಕೇಳಲಿಲ್ಲ. ನಕ್ಷೆಯಲ್ಲಿ ಇದಕ್ಕೆ ಹೆಸರೂ ಇಲ್ಲ, ಒಂದು ಸರ್ವೆ ನಂಬರಿದೆ ಅಷ್ಟೆ. ಆ ನಂಬರು ಬರೆದವನು ನಾನೇ ಆದ್ದರಿಂದ ಹೆಸರು ಬರೆಯುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ.

ಸುತ್ತಿನ ಜನ ಇದನ್ನು ಅಕ್ಕ ಕೂಗಿದ ಗುಡ್ಡ ಎನ್ನುತ್ತಾರೆ. ಗುಡ್ಡದಿಂದ ಪಡುವಣಕ್ಕೆ ಒಂಬತ್ತು ಮೈಲಿ ದೂರದಲ್ಲಿ ಕಮರಹಟ್ಟಿ ಎಂಬ ನಾಯಕರ ಹಟ್ಟಿಯಿದೆ. ಒಂಬತ್ತು ಮೈಲಿ ಎಂದು ಅಂದಾಜಿಗೆ ಹೇಳುತ್ತಿಲ್ಲ. ಪ್ರಾಯದಲ್ಲಿ ಆ ನೆಲದ ಮೇಲೆ ಸರಪಳಿ ಎಳೆಸಿ, ಬಿಸಿಲಿಗೆ ಎರಡು ಸಲ ತಲೆಸುತ್ತಿ ಬಿದ್ದು ಅಳೆದವನು ನಾನು. ಎರಡನೆಯ ಸಲ ಬಿದ್ದಾಗ ನನ್ನ ಮುಖಕ್ಕೆ ನೀರು ಚಿಮುಕಿಸಿದವಳು ಆ ಹಟ್ಟಿಯ ಮಾರಜ್ಜಿ. ಆಗಲೇ ಆಕೆಗೆ ಎಪ್ಪತ್ತು ದಾಟಿತ್ತು. 'ಒಂಬತ್ತು ಮೈಲಿ ನಡೆಯಾಕೆ ಹಿಂಗಾದ್ರೆ ಹೆಂಗೆ ಸಾಮೇರೇ? ಇದೇ ನೆಲದಾಗೆ ನಮ್ಮೋರು ಚಿಗರೇನ ಓಡಿಸಿ ಓಡಿಸಿ ಹಿಡೀತಿದ್ರು' ಎಂದು ನಕ್ಕಳು. ನಾನು ನಂಬಲಿಲ್ಲ. ಬಿಲ್ಲಿಲ್ಲದೆ, ಬಲೆಯಿಲ್ಲದೆ, ಬರಿಗಾಲಲ್ಲಿ ಓಡಿ ಕೃಷ್ಣಮೃಗವನ್ನು ಹಿಡಿಯುವುದೆಂದರೆ ಯಾರು ನಂಬುತ್ತಾರೆ? ಅಜ್ಜಿಗೆ ನನ್ನ ಮುಖ ನೋಡಿಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಆಕೆ ಹೇಳಿದ ಕಥೆಯೇ ಇದು. ಆಮೇಲೆ ಬೇರೆಯವರಿಂದಲೂ ಕೇಳಿ, ಅಲ್ಲಲ್ಲಿ ಹೊಂದಿಸಿಕೊಂಡಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲಕ್ಕೆ, ಕಮರಹಟ್ಟಿಯವರನ್ನು ಓಟದ ಬೇಡರು ಎಂದು ಕರೆಯುತ್ತಿದ್ದರಂತೆ. ಅವರ ಬೇಟೆಯ ಕ್ರಮವೇ ಬೇರೆ. ಬಿಸಿಲು ಏರಿತೆಂದು ಉಳಿದವರು ಮರದಡಿ ಸೇರುವ ಹೊತ್ತಿಗೆ ಇವರಲ್ಲೊಬ್ಬ ಸೊಂಟಕ್ಕೆ ಬಾಕು, ಹೆಗಲಿಗೆ ನೀರಿನ ಸೋರೆಬುರುಡೆ ಹಾಕಿಕೊಂಡು ಹೊರಡುತ್ತಿದ್ದ. ಹಿಂಡಿನಲ್ಲಿ ಒಂದು ಕಪ್ಪು ಗಂಡನ್ನು ಗೊತ್ತುಮಾಡಿಕೊಂಡು ಅದರ ಹಿಂದೆ ಬೀಳುತ್ತಿದ್ದ. ಚಿಗರೆ ನಾಲ್ಕು ನೆಗೆತಕ್ಕೆ ಕಣ್ಮರೆಯಾಗುತ್ತಿತ್ತು. ಇವನು ಅವಸರಪಡುತ್ತಿರಲಿಲ್ಲ. ಗೊರಸಿನ ಗುರುತು ಹಿಡಿದು, ಒಂದೇ ಹದದಲ್ಲಿ ಓಡುತ್ತಾ, ಅದು ನೆರಳಿಗೆ ನಿಂತು ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ಮತ್ತೆ ಹೋಗಿ ಎಬ್ಬಿಸುತ್ತಿದ್ದ. ಚಿಗರೆಗೆ ಮನುಷ್ಯರ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಒಳಗಿನ ಕಾವನ್ನು ಬಾಯಿ ತೆರೆದು ಏದುಸಿರಿನಲ್ಲೇ ಕಳೆಯಬೇಕು, ಅದಕ್ಕೆ ನಿಲ್ಲಬೇಕು. ಇವನು ನಿಲ್ಲಗೊಡುತ್ತಿರಲಿಲ್ಲ. ಹೀಗೆ ಎಬ್ಬಿಸಿ ಎಬ್ಬಿಸಿ, ಹೊತ್ತು ಇಳಿಯುವ ವೇಳೆಗೆ ಗಾಳಿಯಂತೆ ಓಡಿದ ಪ್ರಾಣಿ ಕಾಲು ಅಗಲಿಸಿಕೊಂಡು ಬಯಲಲ್ಲೇ ನಿಂತುಬಿಡುತ್ತಿತ್ತು. ಒಮ್ಮೆ ಪಾಳೆಯಗಾರನ ಸವಾರರು ಇದನ್ನು ಕೇಳಿ ನಕ್ಕು, ಪಂದ್ಯ ಕಟ್ಟಿ, ಕುದುರೆಗಳನ್ನು ಜೊತೆಗೆ ಬಿಟ್ಟರಂತೆ. ಮಧ್ಯಾಹ್ನಕ್ಕೆ ಕುದುರೆಗಳು ನೊರೆ ಕಾರಿ ನಿಂತವು, ಸವಾರರು ಲಗಾಮು ಹಿಡಿದು ನಡೆದುಕೊಂಡು ಬಂದರು. ಬೇಡ ಚಿಗರೆಯನ್ನು ಹೆಗಲಮೇಲೆ ಹಾಕಿಕೊಂಡು ಅವರಿಗಿಂತ ಮುಂಚೆ ಹಟ್ಟಿ ಸೇರಿದ್ದ.

ಈ ಓಟಕ್ಕೆ ಎರಡು ಕಟ್ಟಳೆಗಳಿದ್ದವು. ಚಿಗರೆ ನಿಲ್ಲುವವರೆಗೆ ಓಡುವವನು ನೀರು ಮುಟ್ಟುವಂತಿಲ್ಲ. ನಿಂತಮೇಲೂ ಮೊದಲ ನೀರು ಅದಕ್ಕೆ, ಮಿಕ್ಕಿದ್ದು ತನಗೆ, ಆಮೇಲೆ ಬಾಕು. ಎರಡನೆಯದು, ಓಟಕ್ಕೆ ಹೊರಟವನನ್ನು ಯಾರೂ ಹಿಂದಿನಿಂದ ಕರೆಯಬಾರದು. ಅವನ ಕಣ್ಣು ನೆಲದ ಗುರುತಿನ ಮೇಲೆ, ಉಸಿರು ಒಂದು ಲಯದ ಮೇಲೆ ಕೂತಿರುತ್ತದೆ. ಕರೆದರೆ ತಿರುಗುತ್ತಾನೆ, ತಿರುಗಿದರೆ ಕೆಡುತ್ತಾನೆ ಎಂಬುದು ಅವರ ನಂಬಿಕೆ. ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ನಮ್ಮ ಮನೆಗಳಲ್ಲೂ ಹೇಳುತ್ತಾರಲ್ಲ, ಹಾಗೆ. ಆದರೆ ನಮಗೆ ಅದು ಬರಿಯ ಶಕುನ, ಅವರಿಗೆ ಜೀವದ ಮಾತು.

ಆ ಹಟ್ಟಿಯಲ್ಲಿ ಪಾಲಕ್ಕ, ಕಾಟಯ್ಯ ಎಂಬ ಅಕ್ಕತಮ್ಮಂದಿರಿದ್ದರು. ತಾಯಿ ಮೊದಲೇ ಹೋಗಿದ್ದಳು. ತಂದೆ ಗಾದ್ರಪ್ಪ ಹೆಸರಾಂತ ಓಟಗಾರ. ಪಾಲಕ್ಕನಿಗೆ ಎಂಟು ವರ್ಷವಿದ್ದಾಗ ಒಂದು ದಿನ ಅವಳು ಪುಳ್ಳೆ ಆರಿಸಲು ಹೋದ ಹಳ್ಳದ ದಡದಲ್ಲೇ ಚಿಗರೆಯೊಂದು ಹಾರಿಹೋಯಿತು, ಅದರ ಹಿಂದೆಯೇ ಅಪ್ಪ ಬಂದ. ಬೆಳಗಿನಿಂದ ಕಾಣದ ಅಪ್ಪ ಎದುರಿಗೇ ಹಾದುಹೋದರೆ ಮಗು ಏನು ಮಾಡೀತು? 'ಅಪ್ಪಾ!' ಎಂದಿತು. ಗಾದ್ರಪ್ಪ ಓಡುತ್ತಲೇ ಕತ್ತು ತಿರುಗಿಸಿದ. ಮುಂದಿನ ಹೆಜ್ಜೆ ದಡದಾಚೆ ಬಿತ್ತು. ಹಳ್ಳದ ಬಂಡೆಗೆ ಬಿದ್ದ ಏಟಿಗೆ ಸೊಂಟ ಮುರಿದು ಮೂರು ದಿನ ನರಳಿ ಸತ್ತ. ಹಟ್ಟಿಯವರು ಆ ಮಗುವನ್ನು ಬೈಯಲಿಲ್ಲವಂತೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಯಾರೂ ಒಂದು ಮಾತನ್ನೂ ಆಡದೆ ಇದ್ದದ್ದು ಅವಳ ಎದೆಯಲ್ಲಿ ಹಾಗೆಯೇ ಉಳಿಯಿತು. ಅಂದಿನಿಂದ ಪಾಲಕ್ಕ ಯಾರನ್ನೂ ದೂರದಿಂದ ಕೂಗಿದವಳಲ್ಲ. ಕುರಿಮರಿಯನ್ನು ಸಹ ಹತ್ತಿರ ಹೋಗಿ ಮುಟ್ಟಿಯೇ ಕರೆಯುತ್ತಿದ್ದಳು. ತಮ್ಮನನ್ನು ತಾನೇ ಸಾಕಿದಳು, ಕುರಿಯ ಹಿಂದೆ ಓಡಿಸುತ್ತ ಓಟ ಕಲಿಸಿದಳು. ಹೆಣ್ಣುಮಕ್ಕಳು ಬೇಟೆಗೆ ಹೋಗುವ ರೂಢಿ ಇರಲಿಲ್ಲ. ಇದ್ದಿದ್ದರೆ ತಮ್ಮನಿಗಿಂತ ಅಕ್ಕನ ಹೆಸರೇ ದೊಡ್ಡದಾಗುತ್ತಿತ್ತು ಎನ್ನುತ್ತಾರೆ.

ಕಾಟಯ್ಯ ಬೋರಕ್ಕ ಎಂಬವಳನ್ನು ಮದುವೆಯಾದ. ಗಂಡಹೆಂಡಿರ ಪ್ರೀತಿಯನ್ನು ಹಟ್ಟಿಯೇ ಛೇಡಿಸುವಷ್ಟಿತ್ತು. ಓಟಕ್ಕೆ ಹೋದವನು ಇನ್ನೂ ಮೈಲಿ ದೂರ ಇರುವಾಗಲೇ ಅವಳು ಅಂಬಲಿ ಕಾಸಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳು ಬಸುರಿಯಾದಳು. ಆ ಹಟ್ಟಿಯಲ್ಲಿ ಚೊಚ್ಚಲ ಕೂಸನ್ನು ಬಾಣದ ಗಾಯವಿಲ್ಲದ ಚಿಗರೆಯ ತೊಗಲಿನ ಮೇಲೆ ಮಲಗಿಸುವ ಪದ್ಧತಿ. ಆ ತೊಗಲನ್ನು ಮೊದಲೇ ತಂದಿಡುವಂತಿಲ್ಲ. ಹೆಂಡತಿಗೆ ನೋವು ಕಾಣಿಸಿಕೊಂಡ ದಿನವೇ ಗಂಡ ಓಟಕ್ಕೆ ಹೊರಡಬೇಕು. ಅವಳು ಒಳಗೆ ಪಡುವ ಪಾಡಿಗೆ ಇವನು ಹೊರಗೆ ಅಷ್ಟೇ ಪಾಡುಪಡಬೇಕು ಎಂಬುದು ಅದರ ನ್ಯಾಯ. ಒಳ್ಳೆಯ ನ್ಯಾಯವೇ. ಆದರೆ ಹೆಂಡತಿಗೆ ಬೇಕಾದ ಹೊತ್ತಿಗೆ ಗಂಡನನ್ನು ಮೈಲಿಗಟ್ಟಲೆ ದೂರ ಕಳಿಸುವ ನ್ಯಾಯ ಎಂಬುದು ಆ ದಿನದವರೆಗೆ ಯಾರಿಗೂ ಹೊಳೆದಿರಲಿಲ್ಲ.

ಬೇಸಗೆಯ ಒಂದು ಬೆಳಿಗ್ಗೆ ಬೋರಕ್ಕನಿಗೆ ನೋವು ಕಾಣಿಸಿಕೊಂಡಿತು. ಕಾಟಯ್ಯ ಬುರುಡೆ ತುಂಬಿಸಿಕೊಂಡು ಬಾಗಿಲಲ್ಲಿ ನಿಂತು, 'ಹೋಗಿ ಬರ್ತೀನಿ ಬೋರೀ' ಎಂದ. ಅವಳು ಹಲ್ಲು ಕಚ್ಚಿಕೊಂಡೇ ನಕ್ಕು, 'ನಾನು ಮೊದ್ಲೋ ನೀನು ಮೊದ್ಲೋ ನೋಡಾನ ಹೋಗು' ಎಂದಳಂತೆ. ಗೆದ್ದವಳು ಅವಳೇ. ಹೊತ್ತು ಮಾರು ಏರುವಷ್ಟರಲ್ಲಿ ಹೆಣ್ಣುಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಎಲ್ಲರೂ ನಕ್ಕರು. ಆದರೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದ ಸೊಪ್ಪುಸದೆಯನ್ನೆಲ್ಲ ಅರೆದು ಕುಡಿಸಿದಳು, ಹೊಟ್ಟೆ ಕಟ್ಟಿದಳು, ಕೊನೆಗೆ ಕೈಚೆಲ್ಲಿ ಹೊರಗೆ ಬಂದಳು. ಒಳಗಿನಿಂದ ಬೋರಕ್ಕ ಒಂದೇ ಮಾತು ಹೇಳುತ್ತಿದ್ದಳು: 'ಅವನ್ನ ಕರೀರಿ. ಕೂಸು ಅವನ ಕೈಗೆ ಕೊಟ್ಟು ಹೋಗ್ತೀನಿ.' ಓಡುತ್ತಿರುವ ಕಾಟಯ್ಯನನ್ನು ಮುಟ್ಟುವವರು ಹಟ್ಟಿಯ ಗಂಡಸರಲ್ಲಿ ಯಾರೂ ಇರಲಿಲ್ಲ. ಪಾಲಕ್ಕ ಸೀರೆಯ ನೆರಿಗೆ ಮೇಲಕ್ಕೆ ಕಟ್ಟಿಕೊಂಡು, 'ನಾನು ಹೋಗ್ತೀನಿ. ಹಿಂದಿಂದ ಕರೆಯಲ್ಲ. ಮುಂದೆ ಹೋಗಿ ನಿಲ್ತೀನಿ' ಎಂದು ಹೊರಟಳು.

ಚಿಗರೆಯ ಗೊರಸಿನ ಮೇಲೆ ತಮ್ಮನ ಹೆಜ್ಜೆ, ತಮ್ಮನ ಹೆಜ್ಜೆಯ ಮೇಲೆ ಅಕ್ಕನ ಹೆಜ್ಜೆ. ಅವನು ಚಿಗರೆಯನ್ನು ಹೇಗೆ ಬೆನ್ನಟ್ಟಿದ್ದನೋ ಹಾಗೆಯೇ ಅವಳು ಅವನನ್ನು ಬೆನ್ನಟ್ಟಿದಳು. ವ್ಯತ್ಯಾಸವಿಷ್ಟೇ: ಚಿಗರೆ ದಣಿದರೆ ನಿಲ್ಲುತ್ತದೆ, ಅವನು ನಿಲ್ಲುವವನಲ್ಲ, ಹಾಗೆ ಸಾಕಿದವಳು ಅವಳೇ. ಬೆನ್ನುಬಿದ್ದ ಚಿಗರೆ ಸೀದಾ ಓಡುವುದಿಲ್ಲ, ತನ್ನ ನೆಲ ಬಿಡಲಾರದೆ ದೊಡ್ಡ ಸುತ್ತು ಹಾಕುತ್ತದೆ. ಆ ಗಂಡೂ ಹಾಗೆಯೇ ಸುತ್ತಿಬಂದು, ನಡುಹೊತ್ತಿಗೆ ಹಟ್ಟಿಯಿಂದ ಎರಡೇ ಮೈಲಿ ದೂರದ ಮರಳುಹಳ್ಳಕ್ಕೆ ಇಳಿಯಿತು. ಪಾಲಕ್ಕ ಈಚೆ ದಡಕ್ಕೆ ಬಂದಾಗ ತಮ್ಮ ಆಚೆ ದಡ ಹತ್ತುತ್ತಿದ್ದ. ನಡುವೆ ಇನ್ನೂರು ಹೆಜ್ಜೆ. ಬೆನ್ನಿನ ಬೆವರು ಹೊಳೆಯುವುದು ಕಾಣುತ್ತಿತ್ತು. ಒಂದು ಸಲ 'ಕಾಟಾ' ಎಂದಿದ್ದರೆ ಸಾಕಿತ್ತು. ಬಾಯಿ ತೆರೆದಳು. ಅವನ ಕಾಲಕೆಳಗೆ ದಡದ ಮಣ್ಣು ಜಾರುತ್ತಿತ್ತು. ಇನ್ನೊಂದು ದಡ, ಇನ್ನೊಂದು ಬೆನ್ನು ಅವಳ ಕಣ್ಣಿಗೆ ಕಟ್ಟಿರಬೇಕು. ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಿಂತಳು. ಅವನು ದಡ ಹತ್ತಿ ಹುಲ್ಲಿನಲ್ಲಿ ಮರೆಯಾದ ಮೇಲೆ ಮತ್ತೆ ಓಡತೊಡಗಿದಳು. ಆ ಹಳ್ಳದಲ್ಲಿ ನಾನು ನಿಂತು ನೋಡಿದ್ದೇನೆ. ಸ್ವಲ್ಪ ದನಿಯೆತ್ತಿದರೂ ಆಚೆ ದಡಕ್ಕೆ ಕೇಳುತ್ತದೆ.

ಇಳಿಹೊತ್ತಿಗೆ ಚಿಗರೆ ಈ ಗುಡ್ಡ ಹತ್ತಿತು. ನೆತ್ತಿಯ ಬಂಡೆಯ ಮೇಲೆ ನಾಲಗೆ ಹೊರಹಾಕಿ ನಿಂತಿತು. ಕಾಟಯ್ಯ ಹತ್ತಿರ ಹೋದರೂ ಕದಲಲಿಲ್ಲ. ಅವನು ಬುರುಡೆಯ ಬಿರಡೆ ತೆಗೆದು ಬಂಡೆಯ ಗುಳಿಗೆ ನೀರು ಸುರಿದ. ಅದು ತಲೆತಗ್ಗಿಸಿ ಕುಡಿಯಿತು. ತಾನೂ ಕುಡಿಯಬೇಕೆಂದು ಬುರುಡೆ ಎತ್ತುವಷ್ಟರಲ್ಲಿ ಎದುರಿಗೆ ಬಂಡೆ ಬಳಸಿಕೊಂಡು ಅಕ್ಕ ಬಂದು ನಿಂತಳು. ತುಟಿ ಒಡೆದು ರಕ್ತ ಒಸರಿತ್ತು, ಅಂಗಾಲು ಕಿತ್ತುಹೋಗಿತ್ತು. ಏದುಸಿರಿನಲ್ಲೇ ಹೇಳಿದಳು:

'ಬೋರಿ ಕರೀತಾಳೆ. ಕೂಸು ಹುಟ್ಟೈತೆ. ಅವಳು ಉಳಿಯಂಗಿಲ್ಲ ಕಣೋ.'

ಕಾಟಯ್ಯ ಬುರುಡೆಯನ್ನು ಅಕ್ಕನ ಕೈಗೆ ಹಾಕಿ, ಒಂದು ಗುಟುಕೂ ಕುಡಿಯದೆ, ಗುಡ್ಡ ಇಳಿದ. ಬೆಳಗಿನಿಂದ ಓಡಿದ ಮನುಷ್ಯ ಮತ್ತೆ ಒಂಬತ್ತು ಮೈಲಿ ಓಡಿದ. ಯಾವ ಪ್ರಾಣಿಯಿಂದಲೂ ಆಗುವ ಕೆಲಸವಲ್ಲ ಅದು. ಚಿಗರೆಗೂ ಕುದುರೆಗೂ ಒಂದು ಹಂತದಲ್ಲಿ ದೇಹವೇ ಸಾಕು ಎನ್ನುತ್ತದೆ, ಅವು ಕೇಳುತ್ತವೆ. ಮನುಷ್ಯನಿಗೂ ಹೇಳುತ್ತದೆ, ಅವನು ಕೇಳುವುದಿಲ್ಲ. ಪಾಲಕ್ಕ ಬಂಡೆಯ ಮೇಲೆ ಚಿಗರೆಯ ಪಕ್ಕದಲ್ಲೇ ಕುಸಿದು ಕೂತಳು. ಬುರುಡೆಯಲ್ಲಿದ್ದ ನೀರನ್ನು ತಾನು ಅರ್ಧ ಕುಡಿದು, ಅರ್ಧ ಗುಳಿಗೆ ಸುರಿದಳು. ತಂಪು ಹೊತ್ತಾದ ಮೇಲೆ ಚಿಗರೆ ಮೈ ಕೊಡವಿಕೊಂಡು, ಅವಳನ್ನು ಒಮ್ಮೆ ನೋಡಿ, ನಿಧಾನವಾಗಿ ಗುಡ್ಡ ಇಳಿದುಹೋಯಿತು ಎನ್ನುತ್ತಾರೆ.

ಕಾಟಯ್ಯ ಹಟ್ಟಿ ಮುಟ್ಟಿದಾಗ ಹೊತ್ತು ಮುಳುಗುವುದರಲ್ಲಿತ್ತು. ಬಾಗಿಲಲ್ಲಿ ಬೋರಕ್ಕ ಇರಲಿಲ್ಲ. ಒಳಗೆ ಅವಳ ಮುಖಕ್ಕೆ ಸೆರಗು ಹೊದಿಸಿದ್ದರು. ನೆತ್ತಿಯ ಹೊತ್ತು ಬಾಗಿದ ಮೇಲೂ ಒಂದು ಗಳಿಗೆ ಜೀವ ಹಿಡಿದುಕೊಂಡಿದ್ದಳಂತೆ. ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಕೂಸನ್ನು ಎರಡೂ ಕೈಯಿಂದ ಎತ್ತಲು ಹೋಗುತ್ತಿದ್ದಳಂತೆ. ಇದನ್ನು ಹೇಳುವಾಗ ಮಾರಜ್ಜಿ ಅಳುತ್ತಿದ್ದಳು. ಏಳೆಂಟು ತಲೆಮಾರಿನ ಹಿಂದೆ ಸತ್ತವಳಿಗಾಗಿ ಅಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಾಲಕ್ಕ ಮಾರನೆಯ ಬೆಳಿಗ್ಗೆ ಕಾಲೆಳೆದುಕೊಂಡು ಬಂದಳು. ಮಣ್ಣು ಆಗಲೇ ಮುಗಿದಿತ್ತು. ಕಾಟಯ್ಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದ. ಬೋರಕ್ಕ ಹೋದ ಹೊತ್ತು ಯಾವುದೆಂದು ಅವನಿಗೆ ಹೆಂಗಸರು ಹೇಳಿದ್ದರು. ಅಕ್ಕನನ್ನು ನೋಡಿ ಕೇಳಿದ:

'ಮೊದ್ಲು ನನ್ನ ಎಲ್ಲಿ ಕಂಡೆ ಅಕ್ಕಾ?'

ಅವಳು ಸುಳ್ಳು ಹೇಳಬಹುದಿತ್ತು. ಗುಡ್ಡದ ಮೇಲೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಾಲಕ್ಕ ಹಾಗೆ ಹೇಳಲಿಲ್ಲ.

'ಮರಳುಹಳ್ಳದಾಗೆ.'

'ಆಗ ಹೊತ್ತೆಷ್ಟಿತ್ತು?'

'ನೆತ್ತಿ ಮ್ಯಾಲಿತ್ತು.'

ಕಾಟಯ್ಯ ಮನಸ್ಸಿನಲ್ಲೇ ದೂರ ಅಳೆದಿರಬೇಕು. ಅವನ ಕಾಲಿಗೆ ಎರಡು ಮೈಲಿ ಎಂದರೆ ಎಷ್ಟು ಹೊತ್ತು? 'ಒಂದು ಕೂಗು ಹಾಕಬಹುದಾಗಿತ್ತಲ್ಲಕ್ಕಾ' ಎಂದ. ಸಿಟ್ಟಿನಿಂದಲ್ಲ, ಕೇಳಿದರೆ ಈಗಲೂ ಅವಳು ಕೂಗಿಯಾಳು, ತಾನು ಈಗಲೂ ತಿರುಗಬಹುದು ಎಂಬಂತೆ.

'ಅಪ್ಪನ್ನ ಕೂಗಿದ್ದೆ ಕಣೋ' ಎಂದಳು ಪಾಲಕ್ಕ.

ಇದರಲ್ಲಿ ತಪ್ಪು ಯಾರದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕೂಗಿ ಒಬ್ಬನನ್ನು ಕಳೆದುಕೊಂಡವಳು, ಕೂಗದೆ ಇನ್ನೊಬ್ಬಳನ್ನು ಕಳೆದುಕೊಂಡಳು. ಅವಳಿಗೆ ದೇವರು ಮೂರನೆಯ ದಾರಿಯೊಂದನ್ನು ತೋರಿಸಬಹುದಿತ್ತು, ತೋರಿಸಲಿಲ್ಲ. ನನಗೆ ಆ ದೇವರ ಮೇಲೆ ಸಿಟ್ಟಿದೆ.

ಮೂರನೆಯ ದಿನ ಬೆಳಿಗ್ಗೆ ಮಣ್ಣಿನ ಗುಪ್ಪೆಗೆ ಹಾಲುತುಪ್ಪ ಬಿಟ್ಟು ಬಂದ ಮೇಲೆ ಕಾಟಯ್ಯ ಕೂಸನ್ನು ಅಕ್ಕನ ತೊಡೆಯ ಮೇಲಿಟ್ಟ. ಬುರುಡೆಯನ್ನೂ ತೆಗೆದುಕೊಳ್ಳದೆ, ಬಾಕನ್ನೂ ತೆಗೆದುಕೊಳ್ಳದೆ ಹೊರಗೆ ಹೋದ. ಕೂಸಿಗೆ ತೊಗಲು ತರಲು ಹೊರಟನೆಂದು ಹಟ್ಟಿಯವರು ತಿಳಿದು ಸುಮ್ಮನಿದ್ದರು. ಓಟಕ್ಕೆ ಹೊರಟವನನ್ನು ಕರೆಯಬಾರದಲ್ಲ. ನೀರಿಲ್ಲದೆ ಹೊರಟ ಓಟ ಎಂಥದೆಂದು ಪಾಲಕ್ಕನೊಬ್ಬಳಿಗೆ ತಿಳಿಯಿತು. ಕೂಸನ್ನು ಸೂಲಗಿತ್ತಿಯ ಕೈಗೆ ಕೊಟ್ಟು, ಚರ್ಮ ಕಿತ್ತ ಅದೇ ಅಂಗಾಲಿನಲ್ಲಿ ಮತ್ತೆ ಅವನ ಹಿಂದೆ ಓಡಿದಳು. ಅವನ ಮುಂದೆ ಗೊರಸಿನ ಗುರುತಿರಲಿಲ್ಲ. ಯಾವುದರ ಬೆನ್ನು ಹತ್ತಿದ್ದನೋ, ನೆಟ್ಟಗೆ ಪೂರ್ವಕ್ಕೆ ಓಡಿದ್ದ. ಅವಳು ಈ ಗುಡ್ಡದ ನೆತ್ತಿ ಹತ್ತಿದಾಗ ಅವನು ಕೆಳಗಿನ ಬಯಲಿನಲ್ಲಿ ಬೆರಳುದ್ದ ಕಾಣುತ್ತಿದ್ದ. ಆಗ ಪಾಲಕ್ಕ ಕೂಗಿದಳು. ಎಂಟನೆಯ ವಯಸ್ಸಿನಿಂದ ಒಳಗೇ ಇಟ್ಟುಕೊಂಡಿದ್ದ ದನಿಯನ್ನೆಲ್ಲ ತೆಗೆದು, 'ಕಾಟಾ! ತಿರುಗಿ ನೋಡೋ! ಕಾಟಾ!' ಎಂದು ಕೂಗಿದಳು. ಹೊತ್ತು ಇಳಿಯುವವರೆಗೂ ಕೂಗಿದಳು. ಕಾವಲಿನ ಕುರುಬರು ಕೇಳಿಸಿಕೊಂಡು ಹತ್ತಿಬಂದು ನೋಡಿದಾಗ ಅವಳ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು, ತುಟಿ ಮಾತ್ರ ಅದೇ ಹೆಸರು ಹೇಳುತ್ತಿತ್ತು.

ಕಾಟಯ್ಯ ಮತ್ತೆ ಬರಲಿಲ್ಲ. ಅವನು ಈಗಲೂ ಓಡುತ್ತಿದ್ದಾನೆ ಎನ್ನುವವರುಂಟು. ಅದನ್ನು ನಾನು ನಂಬುವುದಿಲ್ಲ. ನೀರಿಲ್ಲದ ಮನುಷ್ಯ ಎಷ್ಟು ದೂರ ಹೋದಾನು ಎಂಬ ಲೆಕ್ಕ ನನಗೆ ಬರುತ್ತದೆ. ಹಳೆಯ ತಕರಾರು ಒಂದು ಉಳಿದಿದೆ: ಅವನು ತಿರುಗಿ ನೋಡಿದನೋ ಇಲ್ಲವೋ. ಕುರುಬರು ಇಲ್ಲ ಎನ್ನುತ್ತಾರೆ. ಕಮರಹಟ್ಟಿಯವರು, ದೂರದ ದಿಬ್ಬದ ಮೇಲೆ ಒಮ್ಮೆ ನಿಂತು ತಿರುಗಿದ, ಆಮೇಲೆ ಇಳಿದುಹೋದ ಎನ್ನುತ್ತಾರೆ. ಪಾಲಕ್ಕನನ್ನೇ ಕೇಳಬಹುದಿತ್ತು, ಆದರೆ ಅವಳಿಗೆ ಮತ್ತೆ ದನಿ ಬರಲಿಲ್ಲ. ಮೂಕಿಯಾಗಿಯೇ ಆ ಕೂಸನ್ನು ತನ್ನ ಹಳೆಯ ಕಂಬಳಿಯ ಮೇಲೆ ಮಲಗಿಸಿ ಸಾಕಿದಳು. ಮುಂದೆ ಯಾವ ಕೂಸಿಗೂ ತೊಗಲು ಬೇಡವೆಂದು ಹಟ್ಟಿ ತೀರ್ಮಾನಿಸಿತು. ನೋವು ಕಾಣಿಸಿಕೊಂಡ ಹೆಂಡತಿಯ ಮನೆಬಾಗಿಲು ಬಿಟ್ಟು ಅಲ್ಲಿನ ಗಂಡಸರು ಈಗಲೂ ಕದಲುವುದಿಲ್ಲ.

ಗುಡ್ಡಕ್ಕೆ ಹೋದವರು ಆ ನಿಲುಗಲ್ಲನ್ನು ನೋಡಬಹುದು. ಅದು ಪಾಲಕ್ಕ ನಿಂತ ಜಾಗ. ಗುಳಿಯ ನೀರನ್ನೂ ನೋಡಬಹುದು. ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು ತಾವು ಕುಡಿಯುವ ಮುಂಚೆ ಒಂದಿಷ್ಟನ್ನು ಅಲ್ಲಿ ಸುರಿಯುತ್ತಾರೆ. ಮುಂಜಾನೆ ಬೇಗ ಹೋದರೆ ಬಂಡೆಯ ಸುತ್ತ ಚಿಗರೆಯ ಹಿಕ್ಕೆ ಕಾಣುತ್ತದೆ. ಆದರೆ ನೋಡಬೇಕಾದದ್ದು ಗುಡ್ಡದಲ್ಲಿಲ್ಲ, ಹಟ್ಟಿಯಲ್ಲಿದೆ. ನನ್ನ ಅಳತೆ ಮುಗಿದ ದಿನ ಮಾರಜ್ಜಿಗೆ ಹೇಳಿ, ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಇಪ್ಪತ್ತು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಆಕೆಯ ದನಿ ಬಂತು.

'ಸರ್ವೆ ಸಾಮೇರೇ!'

ಏನೋ ಮರೆತೆನೆಂದು ತಿರುಗಿದೆ. ಹಟ್ಟಿಯ ಹೆಂಗಸರು, ಮಕ್ಕಳು ಎಲ್ಲರೂ ಬಾಗಿಲುಗಳಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

'ಏನಜ್ಜೀ?' ಎಂದೆ.

'ಏನಿಲ್ಲ' ಎಂದಳು ಮಾರಜ್ಜಿ. 'ತಿರುಗಿದ್ರಲ್ಲ, ಸಾಕು. ಹೋಗಿ ಬರ್ರಿ.'